ಕೋಹರಾದೊಳಗೊಂದು ‘ಜೀ ಹಾಂ’

ಪ್ರತಿ ವರ್ಷ ಫೆಬ್ರವರಿಯ ಯಾವುದಾದರೊಂದು ಭಾನುವಾರ ನಮ್ಮ ಮನೆಯ ಅಟ್ಟದಿಂದ ಒಂದು ರಜಾಯಿ ಕೆಳಗಿಳಿಯುತ್ತದೆ. ಕೆಂಪು ಹೂವಿನ ಬಟ್ಟೆ, ಒಳಗೆ ನಾಲ್ಕು ಕಿಲೋ ಹತ್ತಿ. ಇಳಿಸಲು ಇಬ್ಬರು ಬೇಕು. ಅಂಗಳದ ಕಟ್ಟೆಯ ಮೇಲೆ ಸಂಜೆಯವರೆಗೆ ಬಿಸಿಲು ಕಾಯಿಸಿ ಮತ್ತೆ ಮೇಲೇರಿಸುತ್ತೇವೆ. ಇದನ್ನು ಹೊದ್ದು ಪುತ್ತೂರಿನ ಹತ್ತಿರದ ನಮ್ಮ ನರಿಮೊಗರಿನಲ್ಲಿ ಮಲಗಿದ ಮನುಷ್ಯ ಬೆಳಿಗ್ಗೆ ಬೆಂದು ಏಳುತ್ತಾನೆ. ಹಾಲು ತರುವ ಹೆಂಗಸು ಕಳೆದ ವರ್ಷ ಅದನ್ನು ಎರಡು ಸಲ ಮುಟ್ಟಿ ನೋಡಿ, ಇದು ಹೊದೆಯಲಿಕ್ಕಿರುವುದೋ ಹಾಸಲಿಕ್ಕಿರುವುದೋ ಎಂದು ಕೇಳಿದಳು. ನಮ್ಮಲ್ಲಿ ಎರಡಕ್ಕೂ ಆಗುವುದಿಲ್ಲ ಎಂದೆ.

ಹಾಗೆಂದು ನಮ್ಮ ಕಡೆ ಚಳಿಯೇ ಇಲ್ಲ ಎಂದು ಮಾತ್ರ ಯಾರ ಎದುರಿಗೂ ಹೇಳಬೇಡಿ. ಸುಳ್ಯದ ಹತ್ತಿರ ಅಜ್ಜಾವರದಲ್ಲಿ ನಮ್ಮ ಮನೆಯವರ ಚಿಕ್ಕಪ್ಪನ ಮಗ ಒಬ್ಬರಿದ್ದಾರೆ. ಡಿಸೆಂಬರ್ ಬಂತೆಂದರೆ ಫೋನ್ ಮಾಡಿ, ನಿಮ್ಮ ಪುತ್ತೂರಿನದ್ದೆಲ್ಲ ಒಂದು ಚಳಿಯಾ ಮಾರಾಯ್ರೆ ಎಂದು ವಿಚಾರಿಸುತ್ತಾರೆ. ನನ್ನ ತವರು ಕಡಬದ ಹತ್ತಿರ, ಘಟ್ಟದ ಬುಡ. ಅಲ್ಲಿಯವರಿಗೆ ಸುಳ್ಯದ ಚಳಿಯೂ ಲೆಕ್ಕಕ್ಕಿಲ್ಲ. ಮೂರು ಊರುಗಳ ಈ ಸ್ಪರ್ಧೆಗೆ ಥರ್ಮಾಮೀಟರ್ ಎಂದರೆ ತೆಂಗಿನೆಣ್ಣೆಯ ಬಾಟಲಿ. ಎಣ್ಣೆ ಬಿಳಿಯಾಗಿ ಕುತ್ತಿಗೆಯವರೆಗೆ ಹೆಪ್ಪುಗಟ್ಟಿದರೆ ಆ ವರ್ಷ ಚಳಿ ಉಂಟು ಎಂದರ್ಥ. ಸಣ್ಣವರಿದ್ದಾಗ ಬೆಳಿಗ್ಗೆ ಬಾಟಲಿಯನ್ನು ಬಚ್ಚಲೊಲೆಯ ಪಕ್ಕ ಇಡುವ ಕೆಲಸ ನನ್ನದು. ಬಾಟಲಿ ಅಲ್ಲಿಟ್ಟ ಮೇಲೆ ನಾನೂ ಅಲ್ಲೇ ಕೂತುಬಿಡುತ್ತಿದ್ದೆ. ತಂಗಿಯರಿಬ್ಬರೂ ಬಂದು ನುಸುಳುತ್ತಿದ್ದರು. ಒಲೆಯ ಬೂದಿಯಲ್ಲಿ ಹೂತಿಟ್ಟ ಗೆಣಸು ಬೇಯುವವರೆಗೆ ನಮ್ಮನ್ನು ಅಲ್ಲಿಂದ ಎಬ್ಬಿಸಲು ಅಮ್ಮನಿಂದಲೂ ಆಗುತ್ತಿರಲಿಲ್ಲ. ಆದರೆ ಒಂಬತ್ತು ಗಂಟೆಗೆ ಶಾಲೆಯ ಗುಡ್ಡ ಹತ್ತುವಾಗ ಬೆನ್ನಲ್ಲಿ ಬೆವರು. ನಮ್ಮ ಚಳಿಗಾಲಕ್ಕೆ ಅಷ್ಟೇ ಆಯುಷ್ಯ. ಶಿವರಾತ್ರಿಯ ಹೊತ್ತಿಗೆ ಅದೂ ಮುಗಿದು, ಗೇರುಮರದಲ್ಲಿ ಹೂವು, ಮನೆಯೊಳಗೆ ಸೆಕೆ.

ಇಷ್ಟು ಅನುಭವವನ್ನು ಬಂಡವಾಳ ಮಾಡಿಕೊಂಡು ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆಗಿದ್ದೆ. ಒಂಬತ್ತನೆಯ ತರಗತಿಗೆ ಉತ್ತರ ಭಾರತದ ಚಳಿಯ ಬಗ್ಗೆ ಒಂದು ಪಾಠವಿತ್ತು. ಅದರಲ್ಲಿ ‘ಕೋಹರಾ’ ಎಂಬ ಶಬ್ದ. ಕೋಹರಾ ಅಂದರೆ ಮಂಜು, ಮಡಿಕೇರಿಯಲ್ಲಿ ಇರುತ್ತದಲ್ಲ ಹಾಗೆ ಎಂದು ಹೇಳಿ ಪ್ರತಿ ವರ್ಷ ಮುಂದಿನ ಸಾಲಿಗೆ ದಾಟುತ್ತಿದ್ದೆ. ಒಂದು ವರ್ಷ ಮಾತ್ರ ಎರಡನೆಯ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, ಅದರೊಳಗೆ ನಿಂತರೆ ಬಟ್ಟೆ ಒದ್ದೆಯಾಗುತ್ತದಾ, ಉಸಿರಾಡಲಿಕ್ಕೆ ಆಗುತ್ತದಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ ಕೇಳು ಎಂದು ಕೂರಿಸಿದೆ.

ಆ ಹುಡುಗಿಯ ಹೆಸರು ಶಮೀಮಾ. ಕಬಕದ ಜುಬೈದಾ ಅವರ ಒಬ್ಬಳೇ ಮಗಳು. ಜುಬೈದಾ ನನಗಿಂತ ಐದಾರು ವರ್ಷಕ್ಕೆ ಸಣ್ಣವರು. ಗಂಡನ ಜೊತೆ ಏಳು ವರ್ಷ ಗಲ್ಫಿನಲ್ಲಿದ್ದು ಊರಿಗೆ ಬಂದ ಮೇಲೆ ಇಬ್ಬರೂ ಚಪ್ಪಲಿ ಅಂಗಡಿ ನಡೆಸುತ್ತಿದ್ದಾರೆ. ಮಗಳ ಮಾರ್ಕ್ ಕೇಳಲು ಶಾಲೆಗೆ ಬರುತ್ತಿದ್ದವರು ಕ್ರಮೇಣ ನನ್ನ ಗೆಳತಿಯಾದರು. ಶಮೀಮಾ ಚೆನ್ನಾಗಿ ಓದಿ ಬ್ಯಾಂಕಿನಲ್ಲಿ ಆಫೀಸರ್ ಆದಳು. ಬ್ಯಾಂಕಿನವರು ಅವಳನ್ನು ಆಗ್ರಾದಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಒಂದು ಸಣ್ಣ ಪೇಟೆಗೆ ಹಾಕಿದರು. ಅಲ್ಲಿ ಶಾಂತಿದೇವಿ ಎಂಬ ಅಜ್ಜಿಯ ಮನೆಯ ಒಂದು ಭಾಗದಲ್ಲಿ ಬಾಡಿಗೆಗಿದ್ದಳು. ಮದುವೆಯಾಗಿತ್ತು. ಗಂಡ ಗಲ್ಫಿನಲ್ಲಿ, ದಮ್ಮಾಮಿನ ಒಂದು ಪ್ಲಾಂಟಿನಲ್ಲಿ, ಕೆಲಸದ ಹೊತ್ತಿನಲ್ಲಿ ಫೋನ್ ಒಳಗೆ ತರುವಂತಿಲ್ಲ. ಹೆರಿಗೆಗೆ ಊರಿಗೆ ಬರುವುದೆಂದು ನಿಶ್ಚಯವಾಗಿತ್ತು. ಆದರೆ ಡಿಸೆಂಬರಿನಲ್ಲಿ ರಕ್ತದೊತ್ತಡ ಏರಿ, ಪ್ರಯಾಣ ಬೇಡವೆಂದು ಡಾಕ್ಟರ್ ಹೇಳಿದರು. ಹಾಗಾಗಿ ಅವಳ ಉಮ್ಮ ಜುಬೈದಾರೇ ಅಲ್ಲಿಗೆ ಹೋಗುವುದು ಎಂದಾಯಿತು.

ಜುಬೈದಾ ನೇರ ನಮ್ಮ ಮನೆಗೆ ಬಂದರು.

“ನೀವು ಬರ್ಬೇಕು ಟೀಚರ್. ಅಲ್ಲಿ ಡಾಕ್ಟರ್ ಹತ್ರ ಸರಿಯಾಗಿ ಮಾತಾಡ್ಲಿಕ್ಕೆ ಒಬ್ರು ಬೇಕು. ನಂದು ಗಲ್ಫಿನ ಹಿಂದಿ, ಅದರಲ್ಲಿ ತಲೆ ಉಂಟು, ಕಾಲಿಲ್ಲ.”

ನಾನು ನಿವೃತ್ತಳಾಗಿ ಎಂಟು ತಿಂಗಳಾಗಿತ್ತು. ನನ್ನ ಹಿಂದಿ ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಮನೆಯವರನ್ನು ಕೇಳುವ ಮೊದಲೇ ಒಪ್ಪಿಕೊಂಡೆ. ಫೆಬ್ರವರಿ ಮೊದಲ ವಾರದ ಪುತ್ತೂರಿನಲ್ಲಿ ಸ್ವೆಟರ್ ಹುಡುಕುವುದೇ ಒಂದು ಸಾಹಸವಾಯಿತು. ಮೂರನೆಯ ಅಂಗಡಿಯವರು ಮಹಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಯಾರು ಊಟಿಗೆ ಹೋಗುದು ಎಂದು ಕೇಳಿದರು. ಇದ್ದದ್ದು ಎರಡೇ ಬಣ್ಣ. ನಾವಿಬ್ಬರೂ ಒಂದೇ ತೆರನ ನೇರಳೆ ಸ್ವೆಟರ್ ಕೊಂಡೆವು.

ಹೆರಿಗೆಗೆ ಇನ್ನೂ ಹನ್ನೆರಡು ದಿನವಿತ್ತು. ಮಂಗಳೂರಿನಲ್ಲಿ ರೈಲು ಹತ್ತಿದೆವು. ಮೊದಲ ಹಗಲು ಪೂರಾ ಕೊಂಕಣ. ಸುರಂಗದೊಳಗೆ ನುಗ್ಗಿದಾಗ ತಂಪು, ಹೊರಬಿದ್ದಾಗ ಉರಿ. ರತ್ನಾಗಿರಿಯ ಮಾವಿನಮರಗಳಲ್ಲಿ ಹೂವು. ಫ್ಯಾನ್ ತಿರುಗುತ್ತಿತ್ತು, ನೇರಳೆ ಸ್ವೆಟರುಗಳು ಬ್ಯಾಗಿನ ತಳದಲ್ಲಿದ್ದವು. ಘಟ್ಟ ಹತ್ತಿದ ಮೇಲೆ ಗಾಳಿ ಬದಲಾಯಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮಧ್ಯಪ್ರದೇಶ. ಪ್ಲಾಟ್‌ಫಾರ್ಮಿನಲ್ಲಿ ಜನ ಕಿವಿಗೆ ಮಫ್ಲರ್ ಸುತ್ತಿ, ಚಹಾದ ಮಣ್ಣಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಹೊಲಗಳಲ್ಲಿ ಮೊಣಕಾಲೆತ್ತರದ ಗೋಧಿ. ಮಧ್ಯಾಹ್ನ ಆಕಾಶ ಕಪ್ಪಾಗಿ ಆಲಿಕಲ್ಲು ಬಿತ್ತು. ಬೋಗಿಯ ತಗಡಿನ ಮೇಲೆ ಅದರ ಸದ್ದಿಗೆ ಎದುರು ಸೀಟಿನವರ ಮಾತು ಕೇಳಿಸಲಿಲ್ಲ. ಕೇಳಿಸಿದಾಗಲೂ ನನಗೆ ಅರ್ಧ ಮಾತ್ರ ಅರ್ಥವಾಗುತ್ತಿತ್ತು ಎಂಬುದನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ.

ಅದು ನನಗೆ ಎದುರಾದ ವಿಚಿತ್ರ. ಎದುರು ಸೀಟಿನವರ ಹಿಂದಿ ಪತ್ರಿಕೆ ಕೇಳಿ ಪಡೆದು ಓದಿದೆ. ‘ಪಶ್ಚಿಮೀ ವಿಕ್ಷೋಭ್’ ಬಂದಿದೆ, ಅಂದರೆ ದೇಶದ ಪಶ್ಚಿಮದಾಚೆಯಿಂದ ಒಂದು ಮೋಡದ ಹಿಂಡು ಹೊರಟು, ಹಿಮಾಲಯದಲ್ಲಿ ಹಿಮ ಸುರಿಸಿ, ಬಯಲಿನಲ್ಲಿ ಮಳೆ ತಂದು, ಹಿಂದೆ ದಟ್ಟ ಕೋಹರಾ ಬಿಟ್ಟು ಹೋಗುತ್ತದೆ ಎಂದು ಅದರಲ್ಲಿತ್ತು. ಒಂದು ಶಬ್ದಕ್ಕೂ ತಡವರಿಸಲಿಲ್ಲ. ಆದರೆ ಪತ್ರಿಕೆಯ ಒಡೆಯರು ಬಾಯಿ ತೆರೆದು ಅದೇ ವಿಷಯ ಹೇಳಿದರೆ ನನಗೆ ತಲೆಬುಡ ತಿಳಿಯದು. ಜುಬೈದಾ ಮಾತ್ರ ಅವರಿಂದ ಕಡಲೆಕಾಯಿ ಇಸಕೊಂಡು, ಅವರ ಮಕ್ಕಳ ಮದುವೆಯ ಸಂಗತಿಯೆಲ್ಲ ಕೇಳಿ ತಿಳಿದಿದ್ದರು. ಅವರ ಹಿಂದಿಯಲ್ಲಿ ಗಂಡಸು ಹೆಂಗಸೆಂಬ ಭೇದವಿಲ್ಲ, ಭೂತ ಭವಿಷ್ಯವಿಲ್ಲ. ನಾನು ಪರೀಕ್ಷೆಯಲ್ಲಿ ಅವರಿಗೆ ಹದಿನೈದು ಮಾರ್ಕೂ ಕೊಡುತ್ತಿರಲಿಲ್ಲ.

ಎರಡನೆಯ ಸಂಜೆಗೇ ಆಗ್ರಾ ತಲುಪಬೇಕಾಗಿದ್ದ ರೈಲು ಮೂರನೆಯ ಬೆಳಿಗ್ಗೆ ಗ್ವಾಲಿಯರ್ ದಾಟಿ ಒಂದು ಕಡೆ ನಿಂತಿತು. ಕಿಟಕಿಯಲ್ಲಿ ಏನೂ ಇರಲಿಲ್ಲ. ಮಡಿಕೇರಿಯ ಮಂಜು ಓಡಾಡುತ್ತದೆ, ಒಂದು ಮರ ಮುಚ್ಚಿದರೆ ಇನ್ನೊಂದನ್ನು ತೆರೆದು ತೋರಿಸುತ್ತದೆ. ಇದು ಅಲುಗಾಡದೆ ನಿಂತಿತ್ತು. ಬಾಗಿಲಿನಿಂದ ಕೈ ಚಾಚಿದೆ. ನನ್ನ ಕೈ ಕಂಡಿತು, ಅದರಾಚೆ ಹಳಿಯ ಜಲ್ಲಿಯೂ ಕಾಣಲಿಲ್ಲ. ಎಲ್ಲೋ ಒಂದು ನವಿಲು ಕೂಗುತ್ತಿತ್ತು.

ಎಂಟು ಗಂಟೆಗೆ ಜುಬೈದಾರ ಫೋನ್ ರಿಂಗಾಯಿತು. ಶಮೀಮಾಳ ಮನೆಯೊಡತಿ ಶಾಂತಿದೇವಿ. ಜುಬೈದಾ ಫೋನನ್ನು ನನ್ನ ಕೈಗಿತ್ತರು. ನಾನು ಬಂದದ್ದೇ ಅದಕ್ಕಲ್ಲವೇ.

ಅಜ್ಜಿ ಮಾತಾಡಿದ್ದು ಬ್ರಜದ ಹಳ್ಳಿಯ ಭಾಷೆ, ಅದೂ ಅವಸರದಲ್ಲಿ, ಹಿಂದಿನಿಂದ ಬೇರೆ ಗದ್ದಲ. ಲಾಲೀ, ಲಾಲೀ ಎಂದು ಶಮೀಮಾಳನ್ನೇ ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಆಸ್ಪತ್ರೆ ಎಂಬುದೂ ತಿಳಿಯಿತು. ಆಮೇಲೆ ‘ಚೀರಾ, ಚೀರಾ’ ಎಂದು ಎರಡು ಸಲ. ಕೊನೆಗೆ ಸ್ವರ ಏರಿಸಿ ಏನೋ ಪ್ರಶ್ನೆ. ಇನ್ನೊಮ್ಮೆ ಹೇಳಿ ಎನ್ನಬಹುದಿತ್ತು. ಎದುರಿಗೆ ಜುಬೈದಾ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು. ಪತ್ರಿಕೆಯ ಒಡೆಯರೂ ನೋಡುತ್ತಿದ್ದರು. ನಾನು ತರಗತಿಯಲ್ಲಿ ಪಾಠ ಓದುವ ಸ್ವರದಲ್ಲಿ “ಜೀ ಹಾಂ” ಎಂದೆ. ಅಜ್ಜಿ ಮತ್ತೆ ಕೇಳಿದಳು. “ಜೀ ಹಾಂ, ಜೀ ಹಾಂ” ಎಂದೆ. ಫೋನ್ ಕಟ್ಟಾಯಿತು.

“ಎಂತಂತೆ?” ಎಂದರು ಜುಬೈದಾ.

“ಎಲ್ಲ ಸರಿ ಉಂಟಂತೆ. ನೋವು ಶುರುವಾಗಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ಚೀರ್ತಾ ಇದ್ದಾಳಂತೆ. ಮೊದಲ ಹೆರಿಗೆಯಲ್ವಾ.”

ಚೀರಾ ಎಂದರೆ ಚೀರುವುದು. ಕನ್ನಡದಲ್ಲಿ ಹಾಗೆಯೇ ತಾನೆ? ಅಷ್ಟು ಸಲೀಸಾಗಿ ನಾನು ಅದನ್ನು ನಂಬಿದೆ, ಅಥವಾ ನಂಬಿದೆ ಎಂದುಕೊಂಡೆ. ಜುಬೈದಾ ಒಂದು ಉಸಿರು ಬಿಟ್ಟು, ಅವಳು ಹುಟ್ಟುವಾಗ ನಾನೂ ಆಸ್ಪತ್ರೆ ಹಾರಿಸಿದವಳು ಎಂದು ನಕ್ಕರು. ಬ್ಯಾಗಿನಿಂದ ಜಪದ ಮಣಿ ತೆಗೆದು ಎಣಿಸತೊಡಗಿದರು.

ಮತ್ತೆ ಅರ್ಧ ಗಂಟೆ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಬಂದ ಕೂಡಲೇ ಈ ಸಲ ಜುಬೈದಾ ತಾವೇ ಡಯಲ್ ಮಾಡಿದರು. ಬಹನ್, ಮೇರಾ ಬೇಟಿ ಕೈಸಾ, ಡಾಕ್ಟರ್ ಕ್ಯಾ ಬೋಲಾ ಎಂದು ಕೇಳಿದರು. ಆ ಹೊತ್ತಿನಲ್ಲೂ ನನ್ನ ಮನಸ್ಸು ‘ಮೇರಾ ಬೇಟಿ’ಯ ಕೆಳಗೆ ಕೆಂಪು ಗೆರೆ ಎಳೆಯಿತು. ಅವರು ತಿಳಿಯದ ಕಡೆಯೆಲ್ಲ ಕ್ಯಾ, ಕ್ಯಾ ಎಂದು ನಾಲ್ಕೈದು ಸಲ ಕೇಳಿದರು. ಸಂಕೋಚವೇ ಇಲ್ಲ. ಕೊನೆಗೆ ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು.

“ಆಪರೇಷನ್ ಅಂತೆ ಟೀಚರ್. ಮಗು ಅಡ್ಡ ಉಂಟಂತೆ, ಕೊಯ್ದೇ ತೆಗೀಬೇಕಂತೆ. ಇವಳು ಉಮ್ಮನ ಹತ್ರ ಕೇಳದೆ ಒಪ್ಪುದಿಲ್ಲ ಅಂತ ಹಟ ಮಾಡಿದ್ಳಂತೆ. ನೀವು ಹಾಂ ಹೇಳಿದ ಮೇಲೆಯೇ ಒಳಗೆ ಹೋದದ್ದಂತೆ.”

ಚೀರಾ ಎಂದರೆ ಕೊಯ್ತ. ‘ಶಲ್ಯ ಚಿಕಿತ್ಸಾ’ ಎಂಬ ಪದವನ್ನು ನಾನು ಇಪ್ಪತ್ತೊಂಬತ್ತು ವರ್ಷ ಕಾಪಿ ಬರೆಸಿದ್ದೆ. ಅಲ್ಲಿಯ ಮನುಷ್ಯರು ಮಾತ್ರ ಅದಕ್ಕೆ ಚೀರಾ ಎನ್ನುತ್ತಾರೆ.

ನಾನು ಏನಾದರೂ ಹೇಳುವ ಮೊದಲೇ ಜುಬೈದಾ ನನ್ನ ಕೈ ಹಿಡಿದುಕೊಂಡರು. “ನಂಗೆ ಹೆದರಿಕೆ ಆಗ್ಬಾರ್ದು ಅಂತ ಅಲ್ವಾ ಹೇಳದೆ ಇದ್ದದ್ದು?”

ನಾನು ಹೂಂ ಎಂದೆ. ಅದು ಆ ಬೆಳಗಿನ ಎರಡನೆಯ ಹೂಂ. ಮೊದಲನೆಯದು ಅರ್ಥವಾಗದೆ ಹೇಳಿದ್ದು, ಇದು ಪೂರ್ತಿ ಅರ್ಥವಾಗಿಯೇ ಹೇಳಿದ್ದು.

ಮುಂದಿನ ಒಂದೂವರೆ ಗಂಟೆ ರೈಲು ಅಲ್ಲಾಡಲಿಲ್ಲ. ನಾನು ಕಿಟಕಿಯ ಬಿಳಿಯನ್ನು ನೋಡುತ್ತ ಕೂತೆ. ಒಳಗೆ ಏನಾದರೂ ಆಗಿಬಿಟ್ಟರೆ, ಆ ಮಾತು ಯಾರದ್ದು? ನನ್ನ ಮಗಳಲ್ಲ, ನನ್ನ ಊರಲ್ಲ, ನನಗೆ ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆ. ಬಾಯಿಯಿಂದ ಹೊರಟದ್ದು ಮಾತ್ರ ನನ್ನದು. ಆಪರೇಷನ್ ಬೇಕೇ ಇದ್ದಿರಬಹುದು, ಜುಬೈದಾ ಆಗಿದ್ದರೂ ಹಾಂ ಎನ್ನುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅದರಿಂದ ಏನೂ ಸಮಾಧಾನವಾಗಲಿಲ್ಲ. ಜುಬೈದಾರ ಬೆರಳು ಮಣಿಯ ಮೇಲೆ ಜರುಗುತ್ತಿತ್ತು. ಬೋಗಿಯಲ್ಲಿ ಯಾರೋ ಕಿತ್ತಳೆ ಸುಲಿದರು, ಆ ಪರಿಮಳ ಎಲ್ಲ ಕಡೆ ಹರಡಿತು. ಈಗಲೂ ಕಿತ್ತಳೆ ಸುಲಿದಲ್ಲಿ ನನಗೆ ಹೆಚ್ಚು ಹೊತ್ತು ಕೂರಲಾಗುವುದಿಲ್ಲ.

ಹತ್ತೂಕಾಲಿಗೆ ಅಜ್ಜಿಯ ಫೋನ್ ಬಂತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಅದನ್ನು ಜುಬೈದಾ ತಮ್ಮ ಬ್ಯಾರಿ ಭಾಷೆಯಲ್ಲಿ ಯಾರಿಗೂ ಅಲ್ಲದಂತೆ ಒಮ್ಮೆ ಹೇಳಿದರು, ತುಳುವಿನಲ್ಲಿ ನನಗೊಮ್ಮೆ, ಅವರ ಹಿಂದಿಯಲ್ಲಿ ಬೋಗಿಗೆಲ್ಲ ಒಮ್ಮೆ. ಪತ್ರಿಕೆಯ ಒಡೆಯರು ಎಲ್ಲರಿಗೂ ಚಹಾ ಕೊಡಿಸಿದರು. ಹನ್ನೊಂದಕ್ಕೆ ಬಿಳಿಯ ಹಿಂದೆ ಮಂಕು ಸೂರ್ಯ ಕಂಡ, ಗಾಡಿ ಹೊರಟಿತು. ನಾವು ಆಸ್ಪತ್ರೆ ಮುಟ್ಟಿದಾಗ ಸಂಜೆ ನಾಲ್ಕು ಗಂಟೆ. ಎರಡು ಕಂಬಳಿಯೊಳಗೆ ಮುಖ ಮಾತ್ರ ಹೊರಗಿಟ್ಟು ಮಲಗಿದ್ದ ಶಮೀಮಾ ಉಮ್ಮನನ್ನು ನೋಡಿ ಅತ್ತಳು. ಆಮೇಲೆ ನಮ್ಮಿಬ್ಬರ ನೇರಳೆ ಸ್ವೆಟರ್ ನೋಡಿ, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು.

ನಾನು ಅಲ್ಲಿ ಹದಿನೆಂಟು ದಿನ ಇದ್ದೆ. ಮೋಡದ ಹಿಂಡು ಹೋದ ಮೇಲೆ ಗಾಳಿ ಬಂತು, ಹಿಮದ ಕಡೆಯಿಂದ ಬರುವ ಗಾಳಿ. ಬಾಣಂತಿಗೆಂದು ಜುಬೈದಾ ಕಬಕದಿಂದ ಹೊತ್ತು ತಂದಿದ್ದ ತೆಂಗಿನೆಣ್ಣೆ ಕಲ್ಲಾಗಿ, ಡಬ್ಬಿಯನ್ನು ಕತ್ತಿಯಿಂದ ಸೀಳಿ ತೆಗೆಯಬೇಕಾಯಿತು. ನಮ್ಮ ಮೂರೂರಿನ ಸ್ಪರ್ಧಾಳುಗಳು ಯಾರಾದರೂ ಅಲ್ಲಿದ್ದರೆ ಒಳ್ಳೆಯದಿತ್ತು. ನನ್ನ ನಡುಕ ನೋಡಲಾರದೆ ಶಾಂತಿದೇವಿ ತನ್ನ ಮದುವೆಯ ಕಾಲದ ಪೆಟ್ಟಿಗೆಯಿಂದ ಒಂದು ಕೆಂಪು ರಜಾಯಿ ತೆಗೆದು ಕೊಟ್ಟಳು. ಹೊರಡುವಾಗ ಹಿಂತಿರುಗಿಸಲು ಹೋದರೆ ಸಿಟ್ಟು ಮಾಡಿದಳು. ಆ ಊರಿನ ಜನ ಬಿಸಿಲನ್ನು ಹಿಂಬಾಲಿಸಿ ಬದುಕುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಹಗ್ಗದ ಮಂಚ ಅಂಗಳದ ಈ ಗೋಡೆಗೆ, ಹನ್ನೆರಡಕ್ಕೆ ನಡುವಿಗೆ, ಮೂರಕ್ಕೆ ಆ ಗೋಡೆಗೆ. ಬಟಾಣಿ ಬಿಡಿಸುವುದು, ತಲೆ ಬಾಚುವುದು, ಜಗಳ, ಎಲ್ಲ ಮಂಚದ ಮೇಲೆಯೇ. ನಾನು ಮನೆಗೆ ಫೋನ್ ಮಾಡಿದರೆ ನಮ್ಮವರು, ಇಲ್ಲಿ ಸೆಕೆ ತಡೆಯಲಿಕ್ಕಾಗುದಿಲ್ಲ, ಮಧ್ಯಾಹ್ನ ಕರೆಂಟೂ ಇಲ್ಲ ಎನ್ನುತ್ತಿದ್ದರು. ಒಂದೇ ದೇಶ, ಒಂದೇ ಹೊತ್ತು. ಮೂರು ಕಾಲುಚೀಲ ಹಾಕಿಕೊಂಡು ಅದನ್ನು ಕೇಳಿಸಿಕೊಳ್ಳುವುದು ಕಷ್ಟ.

ಇಷ್ಟರಲ್ಲಿ ಕಬಕಕ್ಕೆ ಸುದ್ದಿ ಮುಟ್ಟಿತ್ತು. ಟೀಚರ್ ರೈಲಿನಲ್ಲಿ ಕೂತಲ್ಲಿಯೇ ಡಾಕ್ಟರ್ ಹತ್ತಿರ ಹಿಂದಿಯಲ್ಲಿ ಮಾತಾಡಿ, ಧೈರ್ಯ ಮಾಡಿ ಆಪರೇಷನ್‌ಗೆ ಹೇಳಿದ್ದು ಎಂದು. ಡಾಕ್ಟರ್ ಕಥೆಯೊಳಗೆ ಯಾವಾಗ ಬಂದರೋ ತಿಳಿಯದು. ಜುಬೈದಾರ ಗಂಡ ಫೋನಿನಲ್ಲಿ ಧನ್ಯವಾದ ಹೇಳಿದರು. ದಮ್ಮಾಮಿನಿಂದ ಅಳಿಯ ಹೇಳಿದ. ನಮ್ಮ ಮನೆಯವರೂ, ನೀನು ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ ಎಂದರು. ಪ್ರತಿ ಸಲ ನಾನು ಅದೇನು ದೊಡ್ಡದು ಎಂದೆ. ಹಾಗೆ ಹೇಳಿದ್ದಕ್ಕೆ ವಿನಯದ ಹೆಸರೂ ಬಂತು.

ಹದಿನಾರನೆಯ ದಿನ ಅಂಗಳದಲ್ಲಿ ಬಟಾಣಿ ಬಿಡಿಸುವಾಗ ಜುಬೈದಾರಿಗೆ ಹೇಳಿಬಿಟ್ಟೆ. ಅಜ್ಜಿ ಹೇಳಿದ್ದು ನನಗೆ ಅರ್ಥವೇ ಆಗಿರಲಿಲ್ಲ, ಕೇಳಲು ನಾಚಿಕೆಯಾಗಿ ಜೀ ಹಾಂ ಎಂದೆ, ಆಮೇಲೆ ನಿಮ್ಮ ಹತ್ತಿರವೂ ಸುಳ್ಳು ಹೇಳಿದೆ ಎಂದೆ. ಅವರು ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾಲ್ಕೈದು ಕೋಡು ಬಿಡಿಸಿ ಕಾಳನ್ನು ಬುಟ್ಟಿಗೆ ಹಾಕಿದರು.

“ನನ್ನ ಹತ್ರ ಹೇಳಿ ಎಂತ ಮಾಡುದು ಟೀಚರ್?” ಎಂದರು ಕೊನೆಗೆ. “ಕೇಳಿದ್ದು ಅವಳು. ಅವಳ ಹತ್ರ ಹೇಳಿ.”

ಸ್ವರದಲ್ಲಿ ಸಿಟ್ಟಿರಲಿಲ್ಲ. ಸಲಿಗೆಯೂ ಇರಲಿಲ್ಲ. ನಾನು ಎದ್ದು ಒಳಗೆ ಹೋದೆ.

ಒಳಕೋಣೆಯಲ್ಲಿ ಹೊರಗಿಗಿಂತ ಚಳಿ. ಶಮೀಮಾ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ನನ್ನ ವಿದ್ಯಾರ್ಥಿನಿಯ ಎದುರು ನಿಂತೇ ಎಲ್ಲ ಹೇಳಿದೆ, ತಪ್ಪು ಒಪ್ಪಿಸುವವರು ನಿಲ್ಲುವ ಹಾಗೆ. ಅವಳು ಪೂರ್ತಿ ಕೇಳಿದಳು.

“ಗೊತ್ತುಂಟು ಟೀಚರ್. ಚೀರಾ ಹಾಕ್ಲಾ ಅಂತ ಕೇಳಿದ್ರೂ ಜೀ ಹಾಂ, ರೈಲು ಎಲ್ಲುಂಟು ಅಂತ ಕೇಳಿದ್ರೂ ಜೀ ಹಾಂ ಅಂದ್ರು ಅಂತ ಶಾಂತಿದೇವಿ ಅಮ್ಮಾಜಿ ಆಗಲೇ ಹೇಳಿದ್ರು.” ಅವಳು ಮಗುವಿನ ಟೊಪ್ಪಿ ಸರಿ ಮಾಡಿದಳು. “ಮತ್ತೆ ನಾನು ಡಾಕ್ಟರ್ ಹತ್ರ ಇನ್ನೊಮ್ಮೆ ಎಲ್ಲ ಕೇಳಿ, ನಾನೇ ಸೈನ್ ಹಾಕಿದ್ದು. ನಿಮ್ಗೆ ಅರ್ಥ ಆಗಿರ್ಲಿಲ್ಲ ಅಂತ ಗೊತ್ತಾದ್ರೆ ಉಮ್ಮ ಹೆದರ್ತಾರೆ ಅಂತ ಅವರ ಹತ್ರ ನಾನೂ ಹೇಳ್ಲಿಲ್ಲ.”

ನಾನು ಅವಳ ಪಕ್ಕದಲ್ಲಿ ಕೂತೆ.

“ಸ್ವಲ್ಪ ಇವಳನ್ನು ಹಿಡ್ಕೊಳ್ತೀರಾ? ಹದಿನಾರು ದಿನ ಆಯ್ತು ಬಿಸಿಲು ನೋಡದೆ.”

ಉತ್ತರಕ್ಕೆ ಕಾಯದೆ ಮಗುವನ್ನು ನನ್ನ ತೊಡೆಯ ಮೇಲಿಟ್ಟು, ಗೋಡೆ ಹಿಡಿದು ನಿಧಾನಕ್ಕೆ ಅಂಗಳಕ್ಕೆ ಹೋದಳು. ಬಾಣಂತಿ ನಲವತ್ತು ದಿನ ಹೊರಗೆ ಗಾಳಿಗೆ ಬರಬಾರದೆಂದು ಜುಬೈದಾ ಬ್ಯಾರಿಯಲ್ಲಿ ಗದರಿಸುವುದು ಕೇಳಿಸಿತು. ಆಮೇಲೆ ಅವರೇ ಬಟಾಣಿಯ ಬುಟ್ಟಿ ಸರಿಸಿ ಮಂಚದಲ್ಲಿ ಜಾಗ ಮಾಡಿ, ತಮ್ಮ ಶಾಲು ತೆಗೆದು ಅವಳ ತಲೆಗೆ ಸುತ್ತಿದ್ದು ಬಾಗಿಲಿನಿಂದ ಕಂಡಿತು. ಶಮೀಮಾ ಮುಖವನ್ನು ಮೇಲಕ್ಕೆತ್ತಿ ಕಣ್ಣು ಮುಚ್ಚಿ ಕೂತಳು.

ಮಗು ಎಚ್ಚರವಾಗಿತ್ತು. ಕಣ್ಣು ತೆರೆದು ನನ್ನನ್ನೇ ನೋಡಿತು. ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂದು ತಿಳಿಯಲಿಲ್ಲ. ಅದರ ಕಾಲು ತಣ್ಣಗಿತ್ತು. ನಾನು ನನ್ನ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿ ಬೆಚ್ಚಗೆ ಮಾಡಿ, ಆ ಎರಡು ಪಾದಗಳನ್ನೂ ಅವುಗಳ ನಡುವೆ ಹಿಡಿದು ಕೂತೆ.